ಟಿಚ್ ಗುಂಡಿಯ ನೀಲಿ ಕುಶನ್

ಬಾಲಪಿಟಿಯ
ಮಾರ್ಚ್ ೨೮

ದಿನೂಷಾಳ ಅಪ್ಪನಿಗೆ,

ನಾನು, ಮಗಳು ಇಬ್ಬರೂ ಚೆನ್ನಾಗಿದ್ದೇವೆ. ನೀವೂ ಮಾತಾರಾದಲ್ಲಿ ತಮ್ಮನ ಮನೆಯಲ್ಲಿ ಚೆನ್ನಾಗಿದ್ದೀರಿ ಎಂದು, ಬಾಡಿಗೆಗೆ ಆ ಕಡೆ ಬಂದಿದ್ದ ಸಿರಿಲ್ ಹೇಳಿದ. ಬೆನ್ನು ಮಾತ್ರ ಚೆನ್ನಾಗಿಲ್ಲವಂತೆ. ನಿಮ್ಮ ತ್ರೀ-ವೀಲರ್‌ನಿಂದ ಇಳಿಯುವಾಗ ಮೇಲಿನ ಕಂಬಿ ಹಿಡಿದು ಮುದುಕರ ಹಾಗೆ ಇಳಿಯುತ್ತೀರಂತೆ. ನಾನೇನೂ ಕೇಳಿರಲಿಲ್ಲ, ಅವನಾಗಿಯೇ ಹೇಳಿದ.

ಇದು ನಿಮ್ಮನ್ನು ಕರೆಯಲು ಬರೆದ ಪತ್ರವಲ್ಲ. ಸಿರಿಲ್ ಕೈಯಲ್ಲಿ ಒಂದು ಕುಶನ್ ಕಳಿಸಿದ್ದೇನೆ, ಅದರ ಕಥೆ ಹೇಳದಿದ್ದರೆ ನೀವು ಏನೇನೋ ಅಂದುಕೊಳ್ಳುತ್ತೀರಿ.

ಶುರು ಮಾಡಿದ್ದೂ ಸಿರಿಲ್‌ನೇ. ಒಂದು ದಿನ ಗಾಡಿಯನ್ನು ನಮ್ಮ ಹೊಲಿಗೆ ಅಂಗಡಿ ಮುಂದೆ ನಿಲ್ಲಿಸಿ, "ಅಕ್ಕಾ, ಈ ಸೀಟಿನ ಹಿಂದಿರೋ ಕಂಬಿ ಬೆನ್ನು ಮುರೀತಿದೆ. ದಿಂಬು ಇಟ್ರೆ ತಿರುವಿಗೊಂದ್ಸಲ ಕಾಲಡಿ ಬೀಳುತ್ತೆ. ಬೀಳದೇ ಇರೋ ಹಂಗೆ ಒಂದು ಮಾಡ್ಕೊಡು, ಆದ್ರೆ ತೆಗೆಯೋಕೂ ಬರ್ಬೇಕು, ಒಗೆಯೋಕೆ" ಅಂದ. ಬೀಳಬಾರದು, ತೆಗೆಯಲೂ ಬರಬೇಕು! ಗಂಡಸರು ಕೇಳುವುದೆಲ್ಲ ಹೀಗೇ.

ಮೊದಲು ಎಲಾಸ್ಟಿಕ್ ಹಾಕಿದೆ. ಬ್ರೇಕ್ ಒತ್ತಿದಾಗಲೆಲ್ಲ ಕುಶನ್ ಪಕ್ಕಕ್ಕೆ ಜಾರಿತು. ಆಮೇಲೆ ಪರ್ರೆಂದು ಕಿತ್ತು ಬರುವ ವೆಲ್ಕ್ರೋ ಪಟ್ಟಿ ಹೊಲಿದೆ. ನಮ್ಮ ಸಮುದ್ರದ ದಂಡೆ ಗೊತ್ತಲ್ಲ, ವಾರದೊಳಗೆ ಮರಳು ತುಂಬಿ ಪಟ್ಟಿ ಹಿಡಿತ ಬಿಟ್ಟಿತು. ನನಗೆ ಸಿಟ್ಟು ಬಂದು ಎರಡು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ದಿನೂಷಾಳ ಹಳೇ ಫ್ರಾಕಿನ ಟಿಚ್ ಗುಂಡಿ ಹಾಕುವಾಗ ಹೊಳೆಯಿತು. ಗಂಡು ಗುಂಡಿ ಕುಶನ್ನಿಗೆ, ಹೆಣ್ಣು ಗುಂಡಿ ಸೀಟಿಗೆ. ನಾಲ್ಕು ಮೂಲೆಗೂ ಟಪಟಪ ಒತ್ತಿದರೆ ಅಲ್ಲಾಡುವುದಿಲ್ಲ. ಅದೇ ಅಳತೆಯಲ್ಲಿ ಹೆಣ್ಣು ಗುಂಡಿ ಕುರ್ಚಿಗೂ ಹಾಕಿದರೆ ಅದೇ ಕುಶನ್ ಮನೆಯಲ್ಲೂ ಕೂರುತ್ತದೆ. ಒಳಗೆ ಸ್ಪಂಜಿನ ಬದಲು ತೆಂಗಿನ ನಾರು ತುಂಬಿದೆ, ನೆನೆದರೂ ಬೇಗ ಒಣಗಲಿ ಎಂದು.

ಇಷ್ಟೆಲ್ಲ ಜಾಣತನ ಮಾಡಿದವಳು ಬಟ್ಟೆಯಲ್ಲಿ ಎಡವಿದೆ. ಪ್ರಯಾಣಿಕರಿಗೂ ಇರಲಿ ಎಂದು ಹಿಂದಿನ ಸೀಟಿಗೆ ಇನ್ನೊಂದು ಹೊಲಿದು, ಉಳಿದಿದ್ದ ಹಾಲಿನಂಥ ಬಿಳಿ ಬಟ್ಟೆಯನ್ನೇ ಹೊದಿಸಿಬಿಟ್ಟೆ. ನೀವಾಗಿದ್ದರೆ ನೋಡಿದ ಕೂಡಲೇ ನಗುತ್ತಿದ್ದಿರಿ. ನನಗೆ ಹೊಳೆಯಲೇ ಇಲ್ಲ. ಮೀನಿನ ಬುಟ್ಟಿ ಹಿಡಿದು ಬಂದ ಹೆಂಗಸು ಒಳಗೆ ಬಗ್ಗಿ ನೋಡಿ, "ಅಯ್ಯೋ, ಬಿಳಿ ಹಾಸಿದೆ, ಭಿಕ್ಷುಗಳು ಕೂರೋ ಜಾಗ!" ಎಂದು ಕೈಮುಗಿದು ಹಿಂದೆ ಸರಿದಳಂತೆ. ಬೆಳಗಿನಿಂದ ಒಬ್ಬರೂ ಹತ್ತಲಿಲ್ಲ. ಹತ್ತಿದವರೆಲ್ಲ ಭಿಕ್ಷುಗಳೇ, ಅವರ ಹತ್ತಿರ ಬಾಡಿಗೆ ಕೇಳುವುದುಂಟೇ? ಸಂಜೆ ಸಿರಿಲ್ ಬಂದು, "ಅಕ್ಕಾ, ಪುಣ್ಯ ತುಂಬಿ ತುಳುಕ್ತಿದೆ, ಪೆಟ್ರೋಲ್ ಟ್ಯಾಂಕ್ ಮಾತ್ರ ಖಾಲಿ" ಅಂದ.

ವಿಹಾರದ ದೊಡ್ಡ ಭಿಕ್ಷುಗಳೇ ದಾರಿ ತೋರಿಸಿದರು. "ಎಲ್ಪಿಟಿಯ ರಸ್ತೇಲಿ ಇಷ್ಟು ಸುಖವಾಗಿ ನಾನು ಯಾವತ್ತೂ ಬಂದಿಲ್ಲ. ಇದನ್ನ ನಮ್ಮ ಕುರ್ಚಿಗೆ ಕೊಟ್ಟುಬಿಡು, ಸಂಸಾರಸ್ಥರಿಗೆ ಬಣ್ಣದ್ದು ಹೊಲಿ ತಾಯಿ" ಅಂದರು. ಅವರ ಕುರ್ಚಿಯನ್ನು ಅಂಗಡಿಗೆ ತರಿಸಿ ಹೆಣ್ಣು ಗುಂಡಿ ಹಾಕಿಕೊಟ್ಟೆ. ಸಿರಿಲ್‌ಗೆ ಕೆಂಪು ಹೊಲಿದೆ. ಈಗ ತ್ರೀ-ವೀಲರ್ ಸ್ಟ್ಯಾಂಡಿನವರೆಲ್ಲ ಸರದಿಯಲ್ಲಿದ್ದಾರೆ.

ಸ್ಟ್ಯಾಂಡು ಅಂದ ಮೇಲೆ ಅದನ್ನೂ ಬರೆದೇ ಬಿಡುತ್ತೇನೆ. ಹೊಲಿಯುವ ಬಾಸ್ ನಾನಾದ್ದರಿಂದ ನಿಮ್ಮನ್ನು "ಬಾಸ್ ನೋನಾ, ಬಾಸ್ ನೋನಾ" ಎಂದು, ಮೇಸ್ತ್ರಿಯ ಹೆಂಡತಿಯನ್ನು ಕರೆಯುವ ಹಾಗೆ ಕರೆದು ನಕ್ಕರಲ್ಲ, ಅವರೇ ಇವರು. ಅಂಗಡಿಗೆ ಬಂದವರು ನನ್ನನ್ನು ದಾಟಿ "ಬಾಸ್ ಇದ್ದಾರಾ?" ಎಂದು ನಿಮ್ಮನ್ನು ಕೇಳಿದಾಗ, ನೀವು ನನ್ನ ಕಡೆ ಕೈ ತೋರಿಸುತ್ತಿದ್ದಿರಿ. ಆ ಕೈ ನೋಡಿ ನನಗೆಷ್ಟು ಹೆಮ್ಮೆಯಾಗುತ್ತಿತ್ತು ಎಂದು ನಿಮಗೆ ಗೊತ್ತಿಲ್ಲ. ಅವರು ನಕ್ಕರೆಂದು ಗಾಡಿಯನ್ನು ಮಾತಾರಾ ಕಡೆ ತಿರುಗಿಸಿಕೊಂಡು ಹೋದಿರಿ. ಈಗ ನಗುವವರಿಲ್ಲ. ಎಲ್ಲರೂ ನನ್ನ ಕೆಲಸದ ಮೇಲೆಯೇ ಕೂತಿದ್ದಾರೆ, ಅಲ್ಲಿಂದ ಗೇಲಿ ಮಾಡುವುದು ಕಷ್ಟ. ಮೊನ್ನೆ ಅವರಲ್ಲೊಬ್ಬ, "ವಿಜೇಪಾಲ ಅಣ್ಣ ಯಾವಾಗ ಬರ್ತಾರೆ? ನಾವು ಸುಮ್ನೆ ತಮಾಷೆ ಮಾಡಿದ್ವಿ" ಎಂದು ತಲೆ ತಗ್ಗಿಸಿ ಕೇಳಿದ. ನನಗೇನು ಗೊತ್ತು ಅಂದೆ.

ಏಪ್ರಿಲ್‌ನ ಹೊಸ ವರ್ಷ ಹತ್ತಿರ ಬಂತು. ಕೋಗಿಲೆ ಬೆಳಗಾದರೆ ಕೂಗುತ್ತದೆ. ನಿನ್ನೆ ಎಣ್ಣೆಯಲ್ಲಿ ಹಬ್ಬದ ಕವುಮ್ ಕಜ್ಜಾಯ ಕರಿಯುತ್ತಿದ್ದಾಗ ದಿನೂಷಾ, "ಅಮ್ಮಾ, ಈ ವರ್ಷ ಮುಹೂರ್ತಕ್ಕೆ ಹಾಲನ್ನದ ಮೊದಲ ತುತ್ತು ಅಪ್ಪ ಇಲ್ದೆ ನಮ್ಗೆ ಯಾರು ತಿನ್ನಿಸ್ತಾರೆ?" ಎಂದಳು. ನಾನೇ ತಿನ್ನಿಸ್ತೀನಿ ಬಿಡು ಅಂದೆ. ಅವಳು, "ನಿಂಗ್ಯಾರು ತಿನ್ನಿಸ್ತಾರೆ?" ಎಂದಳು. ಹೊಗೆಗೆ ಕಣ್ಣು ಉರಿಯಿತು, ಎದ್ದು ಹೊರಗೆ ಬಂದೆ. ನೀವಿಲ್ಲದ ಮನೆ ನನಗೆ ಬೇಸರ, ಇಷ್ಟು ಬರೆದರೆ ಸಾಕು.

ಕುಶನ್ ಕಡುನೀಲಿ. ಕೊಳೆ ಕಾಣುವುದಿಲ್ಲ, ಭಿಕ್ಷುಗಳೂ ಹತ್ತುವುದಿಲ್ಲ. ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿಸಿಕೊಳ್ಳಿ.

ಹೊಲಿಗೆ ಯಂತ್ರದ ಮುಂದಿನಿಂದ,
ಸುನೇತ್ರಾ

ತಾ.ಕ.: ಇಷ್ಟು ಹೊತ್ತಿಗೆ ಕುಶನ್ ತಿರುಗಿಸಿ ನೋಡಿ ಬೈಯುತ್ತಿರುತ್ತೀರಿ. ಹೌದು, ಅದರಲ್ಲಿ ಗಂಡು ಗುಂಡಿ ಮಾತ್ರ ಇದೆ. ನಿಮ್ಮ ಗಾಡಿಗೆ ಹೆಣ್ಣು ಗುಂಡಿ ನಾನೇ ಹಾಕಬೇಕು, ಗುಂಡಿ ಒತ್ತುವ ಯಂತ್ರ ಭಾರ, ಕಳಿಸಲು ಬರುವುದಿಲ್ಲ. ಅಲ್ಲಿಯವರೆಗೆ ಆ ಕುಶನ್ ಕೂರುವುದು ಒಂದೇ ಕಡೆ. ನಮ್ಮ ಊಟದ ಮೇಜಿನ ಹತ್ತಿರ, ಹೆಣ್ಣು ಗುಂಡಿ ಹಾಕಿಟ್ಟಿರುವ, ಕಿಟಕಿ ಪಕ್ಕದ ನಿಮ್ಮ ಕುರ್ಚಿಯಲ್ಲಿ.