ಮೂರನೆಯ ಶೆಡ್ಡಿನ ಕೈಮಾತು

ಬುರ್ಸಾ ನಗರ, ನೇಕಾರರ ಕೇರಿ
ಹಿಪ್ಪುನೇರಳೆ ತಿಂಗಳ ಮೂವತ್ತೇಳನೆಯ ದಿನ

ಮೂರನೆಯ ಶೆಡ್ಡಿನ ಮಗ್ಗದವರೇ,

ತಿಂಗಳಿಗೆ ಮೂವತ್ತೇಳು ದಿನವೇ ಎಂದು ನಗಬೇಡಿ. ಹಣ್ಣು ಮುಗಿಯುವವರೆಗೆ ತಿಂಗಳೂ ಮುಗಿಯಬಾರದು ಎಂದು ನಮ್ಮ ಹಿರಿಯರು ತೀರ್ಮಾನಿಸಿದ್ದಾರೆ. ಈ ಸಲ ಹಣ್ಣು ಚೆನ್ನಾಗಿ ಬಿಟ್ಟಿದೆ. ನಿಮ್ಮ ಲೆಕ್ಕದಲ್ಲಿ ನಾನು ಸುಮಾರು ನೂರೈವತ್ತು ವರ್ಷ ಮುಂದೆ ಕೂತಿದ್ದೇನೆ. ನನ್ನ ಕೆಲವು ಮಾತು ವಿಚಿತ್ರವೆನ್ನಿಸಿದರೆ ಕ್ಷಮಿಸಿ. ಬೆಟ್ಟದ ಹಳ್ಳಿಯಲ್ಲಿ ಅಜ್ಜಿಯ ಕಥೆ ಕೇಳಿ ಬೆಳೆದವನು, ಸುತ್ತಿ ಬಳಸದೆ ವಿಷಯಕ್ಕೆ ಬರುವುದು ನನಗೆ ತಿಳಿಯದು. ನನ್ನ ಹೆಸರು ನೆಜಾತ್.

ನಿಮ್ಮ ಕೇರಿಯಲ್ಲಿ ಈಗ ಸದ್ದಿಲ್ಲ. ನಮ್ಮ ಪ್ರತಿ ಮನೆಯಲ್ಲೂ ನೆಯ್ಗೂಡು ಎಂಬ ಪೆಟ್ಟಿಗೆಯಿದೆ. ಸಂಜೆ ಹಳೆಯ ಬಟ್ಟೆ ಹಾಕಿದರೆ ಬೆಳಿಗ್ಗೆ ಹೊಸದಾಗಿ ಹೊರಬರುತ್ತದೆ. ಕೆಲಸ ಮಾಡುವಾಗ ಒಂದು ಸಲ ಕೆಮ್ಮುವುದೂ ಇಲ್ಲ. ಅದು ಬಂದ ಮೇಲೆ ಗಿರಣಿಗಳು ನಿಂತವು, ಜನ ಬೆಟ್ಟ ಹತ್ತಿದರು. ನಿಮ್ಮ ಶೆಡ್ಡಿಗೆ ಚಾವಣಿಯಿಲ್ಲ. ಮಗ್ಗಗಳಿದ್ದ ಸಾಲುಗಳಲ್ಲಿ ಹಿಪ್ಪುನೇರಳೆ ಮರಗಳಿವೆ, ನೆಲವೆಲ್ಲ ನೇರಳೆ ಬಣ್ಣ. ಗೇಟಿನ ಹತ್ತಿರ ದುರ್ಮುಷ್ ಉಸ್ತಾ ಚಹಾ ಮಾರುತ್ತಾರೆ. ಉಸ್ತಾ ಎಂದರೆ ಮೇಸ್ತ್ರಿ. ಯಾವುದರ ಮೇಸ್ತ್ರಿ ಎಂದು ಯಾರೂ ಕೇಳುವುದಿಲ್ಲ. ಪಾಳಿ ಬದಲಾಗುತ್ತಿದ್ದ ಹೊತ್ತಿಗೆ ಈಗಲೂ ಒಂದಷ್ಟು ಜನ ಬೆಟ್ಟದಿಂದ ಇಳಿದು ಬಂದು, ಒಂದೊಂದು ಲೋಟ ಕುಡಿದು, ಯಾರೂ ಹೊರಬರದ ಗೇಟನ್ನು ನೋಡಿ ಹಿಂದಿರುಗುತ್ತಾರೆ. ಅವರಲ್ಲಿ ನಾನೂ ಒಬ್ಬ. ನಿಮ್ಮ ಮಗ್ಗಗಳ ಆರ್ಭಟವನ್ನು ಒಂದೇ ಒಂದು ಸಲ ಕೇಳಬೇಕು ಅನ್ನಿಸುತ್ತದೆ, ಆಮೇಲೆ ಕಿವಿ ಹೋದರೂ ಚಿಂತೆಯಿಲ್ಲ.

ಆ ಆರ್ಭಟದಲ್ಲಿ ಮಾತು ಕೇಳಿಸದೆ ನೀವು ಕೈಯಲ್ಲೇ ಮಾತಾಡುತ್ತಿದ್ದಿರಲ್ಲ, ಅದೊಂದು ನಮ್ಮಲ್ಲಿ ಉಳಿದಿದೆ. ನಾವು ಅದನ್ನು ಕೈಮಾತು ಎನ್ನುತ್ತೇವೆ. ಕಣಿವೆಯ ಆಚೆಯ ದನಗಾಹಿಯನ್ನು ಊಟಕ್ಕೆ ಕರೆಯುವುದು ಕೈಮಾತಿನಲ್ಲೇ. ನನ್ನ ಚಿಕ್ಕಮ್ಮಂದಿರು ಹೆಣ್ಣು ನೋಡಲು ಬಂದವರನ್ನು ಬಾಯಲ್ಲಿ ಬನ್ನಿ, ಕೂತುಕೊಳ್ಳಿ ಎಂದು ಉಪಚರಿಸುತ್ತ, ಕೈಯಲ್ಲಿ ಆ ಹುಡುಗನ ಮೂಗಿನ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಆದರೆ ಮಗ್ಗಗಳಿಲ್ಲದ ಮೇಲೆ ಮಗ್ಗದ ಎಷ್ಟೋ ಸನ್ನೆಗಳು ಮರೆತುಹೋದವು.

ನನ್ನ ಅಜ್ಜಿ ಹಾಜೆರ್‌ಗೆ ಅವೆಲ್ಲ ಗೊತ್ತಿದ್ದವು. ಅವಳ ಮುತ್ತಜ್ಜಿ ನಿಮ್ಮ ಜೊತೆಯಲ್ಲೇ ಕೆಲಸ ಮಾಡುತ್ತಿದ್ದಾಳೆ, ಹೆಸರು ಸುಂಬುಲ್. ಕೊನೆಯ ದಿನ ಅಜ್ಜಿಗೆ ಬಾಯಿ ಕಟ್ಟಿಹೋಗಿತ್ತು. ಹಾಸಿಗೆಯ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಅವಳು ನನ್ನನ್ನೇ ನೋಡುತ್ತ ಹೆಬ್ಬೆರಳಿನಿಂದ ಕಿವಿಯ ತುದಿ ಮುಟ್ಟಿಕೊಂಡಳು. ಆಮೇಲೆ ಅಂಗೈ ಮಲಗಿಸಿ, ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಎರಡು ಸಲ ಮುಂದಕ್ಕೆ ಸವರಿದಳು. ಹುಬ್ಬು ಮೇಲೇರಿತ್ತು. ಕೈಮಾತಿನಲ್ಲಿ ಹುಬ್ಬು ಏರಿತೆಂದರೆ ಅದು ಮಾಡುತ್ತೀಯಾ ಎಂದು ಕೇಳುವ ಮಾತು. ಅವಳನ್ನು ಕಾಯಿಸಲು ಮನಸ್ಸಾಗದೆ ನಾನು ತಲೆಯಾಡಿಸಿದೆ. ಅವಳ ಮುಖ ಸಡಿಲವಾಯಿತು. ಕಣ್ಣು ಮುಚ್ಚಿದಳು.

ಏನು ಕೇಳಿದಳೋ ನನಗೆ ಗೊತ್ತಿಲ್ಲ.

ದೊಡ್ಡ ಚಿಕ್ಕಮ್ಮ ಅದು ಬಾಗಿಲು ಹಾಕು ಎಂಬ ಸನ್ನೆ ಎನ್ನುತ್ತಾಳೆ. ಚಿಕ್ಕವಳ ಪ್ರಕಾರ, ತಂಗಿಯನ್ನು ನೋಡಿಕೋ ಎಂದು. ತಂಗಿ ಎಂದರೆ ನನ್ನ ಅಮ್ಮನ ಕೊನೆಯ ತಂಗಿ, ಅಂದರೆ ಇವಳೇ. ದುರ್ಮುಷ್ ಉಸ್ತಾ ಬಹಳ ಹೊತ್ತು ಯೋಚಿಸಿ, ಅಜ್ಜಿ ಚಹಾ ಕೇಳಿರಬೇಕು ಎಂದರು. ಅವರಿಗೆ ಎಲ್ಲ ಸನ್ನೆಯೂ ಚಹಾವೇ. ಆದರೂ ಆವತ್ತಿನಿಂದ ನಾನು ಬಾಗಿಲು ಹಾಕದೆ ಮಲಗಿಲ್ಲ, ಚಿಕ್ಕಮ್ಮನನ್ನು ವಿಚಾರಿಸದೆ ಉಂಡಿಲ್ಲ, ಅಜ್ಜಿಯ ಗೋರಿಯ ಮೇಲೆ ಚಹಾ ಸುರಿಯುವುದನ್ನೂ ತಪ್ಪಿಸಿಲ್ಲ. ಇವುಗಳಲ್ಲಿ ಯಾವುದೂ ಅಲ್ಲ ಎಂದು ಮನಸ್ಸು ಹೇಳುತ್ತದೆ.

ಅದಕ್ಕೇ ಹಿಂದಂಚೆಯ ಮೊರೆ ಹೋಗಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನ ಕೋರಿಕೆ ಇಷ್ಟು: ಆ ಸನ್ನೆ ನಿಮಗೆ ದಿನನಿತ್ಯದ್ದು, ಅರ್ಥ ಕೇಳಿದರೆ ಸುಂಬುಲ್ ನಕ್ಕಾಳು. ಅವಳನ್ನೇ ಕೇಳಿ. ಬಾಯ್ಲರ್ ಕೋಣೆಯ ಒಳಗೋಡೆ ನಿಮ್ಮ ಕಾಲದಲ್ಲಿ ಬರಿ ಇಟ್ಟಿಗೆ. ಅದರ ಮೇಲೆ, ಕಿಟಕಿಯ ಕೆಳಗೆ, ಒಂದು ಕೈ ಕೆತ್ತಿ, ಪಕ್ಕದಲ್ಲಿ ಅರ್ಥ ಬರೆಯಿರಿ. ಆಳವಾಗಿ ಕೆತ್ತಿ. ಆ ಗೋಡೆ ಇನ್ನೂ ನಿಂತಿದೆ. ಮಧ್ಯೆ ಯಾರೋ ಗಾರೆ ಮೆತ್ತಿದ್ದಾರೆ.

ನೀವು ಬರೆದಿದ್ದರೆ ಅದು ಈಗಾಗಲೇ ಗಾರೆಯ ಹಿಂದೆ ಇರಬೇಕು. ಹೋದ ವಾರವೇ ಕೆರೆದು ನೋಡಲು ಹೊರಟಿದ್ದೆ. ಹಿಂದಂಚೆ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಫೆರಿದೆ ತಡೆದಳು. ಕಾಗದದಿಂದ ತಲೆಯೆತ್ತದೆ ಅವಳು ಹೇಳಿದ್ದಿಷ್ಟು: “ಮೊದ್ಲು ಪತ್ರ ಹಾಕಿ ಅಣ್ಣಾ. ನೀವು ಕೇಳ್ದೇ ಇರೋದಕ್ಕೆ ಅವರು ಹೇಗೆ ಉತ್ತರ ಬರೀತಾರೆ?”

ಹಾಗಾಗಿ ಗೋಡೆ ಮುಟ್ಟದೆ, ಬಾಯ್ಲರ್ ಕೋಣೆಯ ಈ ಕಿಟಕಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇಳಿಬಿಟ್ಟ ಕಾಲಿನ ಹಿಂದೆ ಆ ಗಾರೆ. ಪಕ್ಕದಲ್ಲಿ ಉಳಿ, ಸುತ್ತಿಗೆ, ದುರ್ಮುಷ್ ಉಸ್ತಾ ಬೇಡವೆಂದರೂ ಇಟ್ಟುಹೋದ ಚಹಾ. ಪತ್ರ ಹಿಂದಂಚೆಯ ಪೆಟ್ಟಿಗೆಗೆ ಬಿದ್ದ ಸದ್ದು ಕೇಳಿ, ಇಲ್ಲಿಗೆ ಹಿಂದಿರುಗಿದ ಮೇಲೆ ಮೊದಲ ಏಟು ಹಾಕುತ್ತೇನೆ.

ಚೆನ್ನಾಗಿರಿ. ಸುಂಬುಲ್‌ಗೆ ಹೇಳಿ, ಅವಳ ಮರಿಮಗಳು ಕೇಳಿದ್ದು ಎಷ್ಟೇ ಕಷ್ಟದ್ದಿರಲಿ, ಮಾಡುತ್ತೇನೆ. ಹೂಂ ಅಂದಾಗಿದೆ.

ನಿಮ್ಮವ,
ನೆಜಾತ್