ಬೋರಲು ಹಾಕಿದ ಕೊಡ

ನಮಸ್ಕಾರ, ಹಿಂದಿನವರೇ. ಇಲ್ಲಿ ಇಸವಿ ಎರಡು ಸಾವಿರದ ನೂರಾ ಎಂಬತ್ತಾರು, ಕಾರ್ತಿಕ ಮಾಸ. ನಿಮ್ಮ ಲೆಕ್ಕದಲ್ಲಿ ನಾನಿನ್ನೂ ಹುಟ್ಟೇ ಇಲ್ಲ. ಆದ್ರೂ ಐವತ್ತಾಗಿದೆ, ಮಂಡಿ ನೋಯ್ತದೆ. ನಾನು ಪರ್ಸು ಅಂಬಿಗ, ಅಘನಾಶಿನಿ ಅಳಿವೆಯವನು. ಕೂತು ಬರೆಯೋ ತಾಳ್ಮೆ ಇಲ್ಲ, ಮಾತಲ್ಲೇ ಕಾಗದ ಕಳಿಸ್ತಿದ್ದೇನೆ. ನಮ್ಮ ಕೆಲವು ಶಬ್ದ ನಿಮಗೆ ವಿಚಿತ್ರ ಅನ್ನಿಸ್ಬಹುದು, ಬೇಜಾರು ಮಾಡ್ಕೋಬೇಡಿ.

ಮೊನ್ನೆ ಚಂಡಮಾರುತ ಬಂದು ಸಮುದ್ರವನ್ನ ನಮ್ಮ ಬಾವಿಗಳಿಗೇ ಸುರಿದು ಹೋಯ್ತು. ಇಲ್ಲಿ ಪ್ರತಿ ಬಾವೀಲೂ ನೀರ್ನಾಲಿಗೆ ಅಂತ ಒಂದು ಕಡ್ಡಿ ತೂಗ್ತಿರ್ತದೆ. ಉಪ್ಪೆಷ್ಟು, ಹೊಲಸೆಷ್ಟು, ಎಲ್ಲ ಅದಕ್ಕೆ ಗೊತ್ತು. ಆದ್ರೆ ಅದು ಹೇಳೋದು ಆ ಮನೆಯವರಿಗೆ, ಮತ್ತೆ ಜಲಮಂಡಳಿಗೆ ಮಾತ್ರ. ಊರಿಗೆ ಹೇಳಿದ್ರೆ ಜನ ಗಾಬರಿಯಾಗ್ತಾರೆ, ಹೇಳಬೇಡಿ ಅಂತ ಮಂಡಳಿ ಅಪ್ಪಣೆ. ಗಾಬರಿ ಆಗ್ಬಾರದಂತೆ, ಭೇದಿ ಆದ್ರೆ ಅಡ್ಡಿ ಇಲ್ವಂತೆ!

ಅದಕ್ಕೇ ಹೊಳೆಯ ಎರಡೂ ದಡದವರು ನಮ್ಮದೇ ಪದ್ಧತಿ ಮಾಡ್ಕೊಂಡಿದ್ದೇವೆ. ನೀರು ಕೆಟ್ರೆ ಬಾವಿಕಟ್ಟೆ ಮೇಲೆ ಕೊಡ ಬೋರಲು. ಒಳ್ಳೇದಿದ್ರೆ ನೆಟ್ಟಗೆ. ನೋಡಿದವರೆಲ್ಲ ಸೇದಿ ಕುಡೀಬಹುದು.

ಈ ಸಲ ನನ್ನ ಅಕ್ಕ ಗೋದಾವರಿಯ ಬಾವಿ ಕೆಡ್ತು. ಅವತ್ತೇ ಅವಳ ಮಗಳು ತುಳಸೂನ ನೋಡೋಕೆ ಹೊಳೆಯಾಚೆಯವರು ಬರೋರು. ಅಕ್ಕ ಕೊಡ ನೆಟ್ಟಗಿಟ್ಟಳು.

"ಅಕ್ಕಾ, ಇದೆಂತದು?"

"ಸುಮ್ನಿರೋ ಪರ್ಸು. ಬಾವಿ ಕೆಟ್ಟ ಮನೆ ಹೆಣ್ಣನ್ನ ಯಾರು ಒಯ್ತಾರೆ? ಬಂದವರಿಗೆ ಎಳನೀರು ಕೊಟ್ರಾಯ್ತು."

"ಈ ಕೊಡ ನೋಡಿ ಕೇರಿ ಮಕ್ಕಳು ಸೇದಿ ಕುಡೀತಾವಲ್ಲೇ, ಅವಕ್ಕೂ ಎಳನೀರು ಕೊಡ್ತೀಯಾ?"

ಅಕ್ಕ ಸೆರಗಲ್ಲಿ ಮುಖ ಮುಚ್ಕೊಂಡಳು. ತುಳಸು ಸೀರೆ ಎತ್ತಿ ಕಟ್ಕೊಂಡು ಬಂದ್ಲು, ದಡಕ್ಕಂತ ಕೊಡ ಬೋರಲು ಹಾಕಿದ್ಲು. "ಇದನ್ನ ನೋಡಿ ಓಡೋರು ಓಡಲಿ, ಆಯೀ," ಅಂದ್ಲು ತಾಯಿಗೆ.

ದೋಣಿ ಬಂತು. ಹುಡುಗನ ತಾಯಿ ಕೊಡ ನೋಡಿದವಳು ಬಾವಿಕಟ್ಟೆ ಮೇಲೇ ಕುಸಿದು ಕೂತ್ಲು. "ನಮ್ಮದೂ ಕೆಟ್ಟಿದೆ ಮಾರಾಯ್ತಿ. ನಿಮಗೆ ಗೊತ್ತಾಗ್ತದೆ ಅಂತ ನೆಟ್ಟಗಿಟ್ಟು ಬಂದೆ." ಆಮೇಲೆ ಮಗನ ಕಡೆ ತಿರುಗಿ ಕೂಗಿದ್ಲು, "ಎಂತ ನೋಡ್ತೆ? ಓಡು, ಬೋರಲು ಹಾಕು!"

ಅವನು ದೋಣಿ ತಿರುಗಿಸೋ ಹೊತ್ತಿಗೆ ತುಳಸು ಇನ್ನೊಂದು ಹುಟ್ಟು ಹಿಡ್ಕೊಂಡು ದೋಣಿಗೆ ಹಾರಿದ್ಲು. "ಒಬ್ಬರೇ ಹೋದ್ರೆ ತಡ ಆಗ್ತದೆ." ಹೆಣ್ಣು ನೋಡೋ ಶಾಸ್ತ್ರ ಹೊಳೆ ಮಧ್ಯದಲ್ಲೇ ಮುಗೀತು ಅನ್ನಿ.

ಈಗ ಮಂಡಳಿಯವ್ರು ಕೊಡ ಕಿತ್ಕೊಳ್ಳೋಕೆ ಬರ್ತಾರಂತೆ. ಬರ್ಲಿ. ಕೊಡ ಒಯ್ದ್ರೆ ಚೆರಿಗೆ ಬೋರಲು ಹಾಕ್ತೇವೆ. ಚೆರಿಗೆ ಒಯ್ದ್ರೆ ಗಂಟಲಿದೆ.

ಹಿಂದಿನವರೇ, ನಿಮ್ಮಲ್ಲೂ ಚಂಡಮಾರುತ ಹೋದ್ಮೇಲೆ ನೀರಿನ ವರದಿ ಯಾರದೋ ಕಪಾಟಲ್ಲಿ ಕೂತಿರ್ತದಲ್ಲ? ಬೀದಿಗೆ ಎಳೆದು ತನ್ನಿ. ನಾಚಿಕೆ ಬಂದ್ರೆ ನಮ್ಮ ಅಕ್ಕನ್ನ ನೆನೆಸ್ಕೊಳ್ಳಿ. ಇಗಾ, ಕೇಳ್ತದಾ? ಬಾವಿಕಟ್ಟೆ ಹತ್ತಿ ನಿಂತು ಹೊಳೆಯಾಚೆಗೆ ಕೂಗ್ತಿದ್ದಾಳೆ:

"ನಮ್ದು ಕೆಟ್ಟಿದೇ! ನಿಮ್ದು?"