ಅಂಗಿಯ ಬಣ್ಣದ ದಾರ

ದಾನ್‌ಡೊಂಗ್,
ನವೆಂಬರ್ ೨೦, ೧೯೮೮

ಪ್ರೀತಿಯ ತಂಗಿ ರುಯಿಫಾಂಗ್‌ಗೆ,

ನಿನ್ನ ಚಿಯಾವ್‌ಯುನ್ ಅಕ್ಕನ ನೆನಪುಗಳು. ನಿನ್ನ ಎರಡು ಪತ್ರ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಅಕ್ಕನಿಗೆ ಏನಾದರೂ ಆಯಿತೇ ಎಂದು ಎರಡನೆಯದರಲ್ಲಿ ಕೇಳಿದ್ದೀಯ. ಏನೂ ಆಗಿಲ್ಲ. ಮಂಡಿನೋವು ಹಳೆಯದು, ಸೊಸೆಯ ಮೇಲಿನ ಸಿಟ್ಟೂ ಹಳೆಯದು. ಎಲೆಕೋಸಿಗೆ ಉಪ್ಪು ಹಾಕಿ ಮಡಕೆಗೆ ತುಂಬುವ ಕೆಲಸವಿತ್ತು ಎಂದು ನೆಪ ಹೇಳಬಹುದಿತ್ತು, ಆದರೆ ಈ ವರ್ಷ ಸೊಸೆ ಅದನ್ನು ನನ್ನ ಕೈಗೆ ಕೊಡಲೇ ಇಲ್ಲ. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು, ಅಷ್ಟೇ.

ನಿನ್ನ ಮೆಂಗ್‌ನ ಕೆಮ್ಮು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ರೈಲ್ವೆಯಲ್ಲಿ ಅಷ್ಟು ವರ್ಷ ಕಲ್ಲಿದ್ದಲ ಹೊಗೆ ಕುಡಿದವನು, ಕೆಮ್ಮದೆ ಇನ್ನೇನು ಮಾಡುತ್ತಾನೆ? ಪೇರಳೆಹಣ್ಣು ಬೇಯಿಸಿ ಕೊಡು. ಮಗಳು ನಿಯಾನ್ ಶಾಲೆಯಲ್ಲಿ ಈಗ ದೊಡ್ಡ ಮೇಡಂ ಆಗಿದ್ದಾಳಂತೆ. ಹುಟ್ಟಿದ ದಿನ ನನ್ನ ಮಡಿಲೆಲ್ಲ ಒದ್ದೆ ಮಾಡಿದ ಹುಡುಗಿಗೆ ಮೂವತ್ತೇಳು ವರ್ಷ ಎಂದರೆ ನಂಬಲಾಗುವುದಿಲ್ಲ.

ಪತ್ರದ ಜೊತೆ ನಿನಗೊಂದು ಹತ್ತಿ ತುಂಬಿದ ಅಂಗಿ ಕಳಿಸುತ್ತಿದ್ದೇನೆ, ನೀಲಿಯದು. ಕಣ್ಣು ಮಂಜಾದರೂ ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವವರು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಈ ಪತ್ರ ಹೊಲಿಗೆಯಲ್ಲಿ ನಾನು ಮಾಡಿದ ಒಂದು ತಪ್ಪಿನದೇ. ಒಬ್ಬಳೇ ಕೂತು ಓದು. ಓದಿದ ಮೇಲೆ ನನ್ನನ್ನು ಅಕ್ಕ ಎನ್ನುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮೊದಲು ಇದನ್ನು ಹೇಳಿಬಿಡುತ್ತೇನೆ. ಹತ್ತನೆಯ ತಿಂಗಳ ಮೊದಲ ದಿನ ಸತ್ತವರಿಗೆ ಕಾಗದದ ಚಳಿಯಂಗಿ ಸುಡುವಾಗ, ನೀನು ಹೇಳಿದಂತೆ ಮೂವತ್ತು ವರ್ಷಕ್ಕೂ ಮೇಲೆ ಯಾಲು ನದಿಯ ದಂಡೆಗೆ ಹೋಗಿ ಚಾಂಗ್‌ಶುನ್‌ನ ಹೆಸರಲ್ಲಿ ಒಂದನ್ನು ಸುಟ್ಟಿದ್ದೇನೆ. ಪೊಟ್ಟಣದ ಮೇಲೆ ಗೆಂಗ್ ಚಾಂಗ್‌ಶುನ್ ಎಂದು ದೊಡ್ಡದಾಗಿ ಬರೆ, ಹೆಸರಿಲ್ಲದಿದ್ದರೆ ದಾರಿಯಲ್ಲಿ ಬೇರೆ ದೆವ್ವ ಕಿತ್ತುಕೊಳ್ಳುತ್ತದೆ ಎಂದು ಪ್ರತಿ ಸಲ ಬರೆಯುತ್ತೀಯ. ಈ ವರ್ಷ ನಾನು ಅವನ ಹೆಸರಲ್ಲಿ ಸುಡಲಿಲ್ಲ. ಇನ್ನು ಮುಂದೆಯೂ ಸುಡುವುದಿಲ್ಲ.

ಆಗ ನಮ್ಮೂರಿಗೆ ಇನ್ನೂ ಆಂಡೊಂಗ್ ಎಂದೇ ಹೆಸರು. ಐವತ್ತನೆಯ ಇಸವಿಯ ಅಕ್ಟೋಬರ್. ನೀನು ಮೂರು ತಿಂಗಳ ಬಸುರಿ, ನೀರು ಕುಡಿದರೂ ವಾಂತಿ. ಕೊರಿಯಾದ ಯುದ್ಧ ನದಿಯ ಆ ದಡಕ್ಕೆ ಬಂದು ನಿಂತಿತ್ತು, ನಮ್ಮ ಹುಡುಗರು, ನಿನ್ನ ಗಂಡ ಚಾಂಗ್‌ಶುನ್ ಕೂಡ, ಸೇತುವೆ ದಾಟುವುದಿತ್ತು. ಯಾವ ದೇಶದ ಸೈನಿಕರು ಎಂದು ಯಾರಿಗೂ ತಿಳಿಯಬಾರದೆಂದು ಆಜ್ಞೆ. ಟೋಪಿಯ ನಕ್ಷತ್ರ ತೆಗೆದರು. ತಗಡಿನ ಲೋಟದ ಮೇಲಿನ ಅಕ್ಷರ ಕೆರೆದರು. ಮುಖ ಒರೆಸುವ ಬಟ್ಟೆಯ ಕೆಂಪು ಅಕ್ಷರದ ಅಂಚನ್ನು ಸಹ ಕತ್ತರಿಸಿದರು. ಅಂಗಿಯ ಎದೆಯ ಮೇಲಿನ ಬಿಳಿ ಬಟ್ಟೆಯ ಪಟ್ಟಿ ಬಿಚ್ಚಲು ನಮ್ಮ ಬೀದಿಯ ಹೆಂಗಸರನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದರು. ತೊಟ್ಟವನ ಹೆಸರು, ರಕ್ತದ ಗುಂಪು, ಎಲ್ಲವೂ ಆ ಪಟ್ಟಿಯ ಹಿಂದೆಯೇ ಇದ್ದದ್ದು.

ಹೊರಡುವಾಗ ನೀನು ಹಾಸಿಗೆಯಿಂದಲೇ ನನ್ನ ಕೈಗೆ ಹೆಬ್ಬೆಟ್ಟಿನಷ್ಟು ಬಟ್ಟೆಯ ಚೂರು ಕೊಟ್ಟೆ. ಅದರ ಮೇಲೆ ನೀನೇ ಚಾಂಗ್‌ಶುನ್‌ನ ಹೆಸರು ಹೊಲಿದಿದ್ದೆ, ಅಂಗಿಯ ಬಣ್ಣದ್ದೇ ದಾರದಲ್ಲಿ. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. "ಅಕ್ಕ, ಕತ್ತಿನ ಪಟ್ಟಿಯ ಒಳಗೆ ಹೊಲಿದುಬಿಡು. ಅವನು ಎಲ್ಲಾದ್ರೂ ಬಿದ್ರೆ ಯಾರಾದ್ರೂ ಅವನನ್ನ ಹೆಸರು ಹಿಡಿದು ಕರೀಲಿ," ಎಂದೆ.

ಅಂಗಳದಲ್ಲಿ ಹತ್ತಿ ತುಂಬಿದ ಅಂಗಿಗಳನ್ನು ಹತ್ತು ಹತ್ತರ ರಾಶಿ ಮಾಡಿ ಹಾಕಿದ್ದರು. ಚಾಂಗ್‌ಶುನ್‌ನ ತಂಡದ ರಾಶಿಯನ್ನು ನಾನೇ ಎಳೆದುಕೊಂಡೆ. ಮಧ್ಯಾಹ್ನದೊಳಗೆ ಮುಗಿಸಿ ಎಂದು ಒಬ್ಬ ಅಧಿಕಾರಿ ಹಿಂದೆ ಮುಂದೆ ಓಡಾಡುತ್ತಿದ್ದ. ನನ್ನ ಕೈ ಬೇಗ, ನಿನಗೆ ಗೊತ್ತಲ್ಲ. ಪಕ್ಕದವಳು ಮೂರು ಬಿಚ್ಚುವುದರೊಳಗೆ ನಾನು ಹತ್ತೂ ಬಿಚ್ಚಿ, ಪಟ್ಟಿಗಳನ್ನು ಬುಟ್ಟಿಗೆ ಎಸೆದು, ಜಂಬದಿಂದ ತಲೆ ಎತ್ತಿದೆ. ಆಮೇಲೆ ನಿನ್ನ ಚೂರು ಜೇಬಿನಿಂದ ತೆಗೆದೆ. ನನ್ನ ಮುಂದೆ ಹತ್ತು ಅಂಗಿ, ಹತ್ತೂ ಒಂದೇ. ಚಾಂಗ್‌ಶುನ್‌ನದು ಯಾವುದು ಎಂದು ಹೇಳುವ ಒಂದೇ ಗುರುತನ್ನು ನಾನೇ ಕತ್ತರಿಸಿ ಎಸೆದಿದ್ದೆ.

ಆಗಲೇ ಅಧಿಕಾರಿಗೆ ಹೇಳಬಹುದಿತ್ತು. ಆದರೆ ಹೆಸರು ಹೊಲಿಯುವುದೇ ಆಜ್ಞೆ ಮೀರಿದ ಕೆಲಸ. ಅಳತೆ ನೋಡಿದೆ, ತೋಳಿನ ಉದ್ದ ನೋಡಿದೆ, ನಾಚಿಕೆ ಬಿಟ್ಟು ಮೂಸಿಯೂ ನೋಡಿದೆ. ಒಂದನ್ನು ಆರಿಸಿ ಹೊಲಿದೆ. ರಾಶಿಯನ್ನು ಅಧಿಕಾರಿ ಎತ್ತಿಸಿಕೊಂಡು ಹೋದ, ಯಾವುದು ಯಾರ ಮೈಗೇರಿತೋ ನಾನು ನೋಡಲಿಲ್ಲ. ಸಂಜೆ ಅವರು ಸಾಲಾಗಿ ನಿಂತಾಗ ಚಾಂಗ್‌ಶುನ್‌ನ ಕಿವಿಯಲ್ಲಿ, ಹೆಸರು ಕತ್ತಿನ ಹತ್ತಿರ ಇದೆ, ಹೆದರಬೇಡ ಎಂದೆ. ನಿನಗೂ ಅದನ್ನೇ ಹೇಳಿದೆ.

ಮರುವರ್ಷ ಚಳಿ ಹೋದ ಮೇಲೆ ಹುಡುಗರು ಒಳಗಿನ ಹತ್ತಿ ಕಿತ್ತು ಅದೇ ಅಂಗಿಯನ್ನು ಬೇಸಿಗೆಗೂ ತೊಟ್ಟರಂತೆ. ಹಾಗಾಗಿ ಜೂನ್‌ನಲ್ಲಿ ಆ ಚೂರು ಉಳಿದು ನಿನ್ನ ಮನೆಗೆ ವಾಪಸು ಬಂತು, ಹುತಾತ್ಮ ಎಂಬ ಕಾಗದದ ಜೊತೆ. ಗುಡ್ಡದ ಇಳಿಜಾರಿನಲ್ಲಿ ಸಿಕ್ಕ ದೇಹವಂತೆ, ಗುರುತು ಹಿಡಿಯಲು ಮುಖವಿರಲಿಲ್ಲವಂತೆ, ಕತ್ತಿನ ಪಟ್ಟಿಯಲ್ಲಿ ಹೆಸರಿತ್ತಂತೆ. ನೀನು ನಿಯಾನ್‌ಳನ್ನು ಎದೆಗವಚಿಕೊಂಡು ಆ ಚೂರಿನ ಮೇಲೆ ಬೆರಳಾಡಿಸುತ್ತಲೇ ಕೂತಿದ್ದೆ. ಹತ್ತರಲ್ಲಿ ಒಂದು ಪಾಲು ನನ್ನ ಊಹೆ ಸರಿಯಿರಬಹುದು ಎಂದು ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಬಾಯಿ ಬಿಡಬೇಕಾದ ದಿನ ಇನ್ನೊಂದಿತ್ತು. ಐವತ್ತನಾಲ್ಕರಲ್ಲಿ ಮೆಂಗ್ ನಿನ್ನನ್ನು ಕೇಳಿಕೊಂಡು ಬಂದಾಗ ನೀನು ಮೂರು ದಿನ ಅವನಿಗೆ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ನನ್ನ ಹೊಲಿಗೆ ಯಂತ್ರದ ಎದುರು ಬಂದು ಕೂತೆ.

"ಅಕ್ಕ, ಅಲ್ಲಿ ಮಲಗಿರೋದು ಅವನೇ ತಾನೆ? ನೀನೇ ತಾನೆ ಹೊಲಿದದ್ದು?"

"ನನ್ನ ಕೈಯಾರೆ ಹೊಲಿದೆ ಕಣೆ, ಅವನದೇ ಅಂಗಿಗೆ," ಎಂದೆ.

ಆ ಒಂದು ಮಾತಿನ ಮೇಲೆ ನೀನು ಮೆಂಗ್‌ನನ್ನು ಮದುವೆಯಾದೆ. ಮೆಂಗ್ ಒಳ್ಳೆಯವನು, ನಿಯಾನ್‌ಳನ್ನು ಹೆಗಲಿನಿಂದ ಇಳಿಸದೆ ಸಾಕಿದ. ಹಾಗಾಗಿ ನನ್ನ ಸುಳ್ಳು ಒಳ್ಳೆಯದನ್ನೇ ಮಾಡಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪ್ರತಿ ವರ್ಷ ದಂಡೆಯಲ್ಲಿ ಕಾಗದದ ಅಂಗಿಗೆ ಬೆಂಕಿ ಇಟ್ಟಾಗ, ಯುದ್ಧದಲ್ಲಿ ಮುರಿದ ಸೇತುವೆಯ ಕಡೆಯಿಂದ ಯಾರೋ ಒಬ್ಬ ಸೈನಿಕ ನಡೆದು ಬಂದು ನನ್ನ ಹಿಂದೆ ನಿಲ್ಲುತ್ತಿದ್ದ. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಅವನಿಗೂ ಚಳಿಯಾಗುತ್ತಿತ್ತು, ಆದರೆ ಪೊಟ್ಟಣದ ಮೇಲೆ ಅವನ ಹೆಸರಿರಲಿಲ್ಲ. ಈಗಲೂ ಯಾರ ಅಂಗಿ ಕೈಗೆ ಬಂದರೂ ನನ್ನ ಬೆರಳು ಮೊದಲು ಕತ್ತಿನ ಪಟ್ಟಿಗೆ ಹೋಗುತ್ತದೆ. ಸೊಸೆ ಇದನ್ನು ನೋಡಿ ಮುದುಕಿಗೆ ಹೇನಿನ ಹುಚ್ಚು ಎಂದು ನಗುತ್ತಾಳೆ.

ಇದು ನನ್ನ ತಪ್ಪು. ನಿನ್ನ ಕಾಲು ಹಿಡಿಯಲು ಮಂಡಿ ಬಗ್ಗುವುದಿಲ್ಲ, ಇಲ್ಲಿಂದಲೇ ಹಿಡಿದಿದ್ದೇನೆ ಎಂದುಕೋ. ಮೆಂಗ್‌ನ ಎದೆ ಬೆಚ್ಚಗಿರಲಿ, ನಿಯಾನ್‌ಳ ಮಕ್ಕಳು ನಿನ್ನ ಮಡಿಲು ತುಂಬಿಕೊಂಡಿರಲಿ, ನನಗೆ ಉಳಿದ ಆಯಸ್ಸಿನಲ್ಲಿ ನಿನಗೂ ಒಂದಿಷ್ಟು ಹೋಗಲಿ.

ಇಂತಿ ನಿನ್ನ ಅಕ್ಕ,
ಚಿಯಾವ್‌ಯುನ್

ಮತ್ತೆ: ಇಷ್ಟು ಬರೆದು ಲಕೋಟೆಗೆ ಅಂಟು ಹಚ್ಚಿದ್ದೆ. ಇವತ್ತು ಮತ್ತೆ ಬಿಚ್ಚಿದ್ದೇನೆ. ಮೇಲಿನದು ಹಳೆಯ ತಪ್ಪು. ಹೊಸದು ಇದು.

ಈ ಏಪ್ರಿಲ್‌ನಲ್ಲಿ, ಸಮಾಧಿ ಗುಡಿಸುವ ಹಬ್ಬದ ಹಿಂದಿನ ದಿನ, ಒಬ್ಬ ಮುದುಕ ನಮ್ಮ ಬಾಗಿಲಿಗೆ ಬಂದ. ತೈವಾನಿನಿಂದ ಬಂದವನು. ಈಗ ಅಲ್ಲಿಯ ಮುದುಕರಿಗೆ ಊರು ನೋಡಲು ಬಿಡುತ್ತಾರಲ್ಲ. ನನ್ನನ್ನು ನೋಡಿ "ಅಕ್ಕ, ಇನ್ನೂ ಅಷ್ಟೇ ಜೋರಾ?" ಎಂದ. ದನಿಯಿಂದ ಗುರುತು ಹಿಡಿದೆ, ಚಾಂಗ್‌ಶುನ್. ಶತ್ರುಗಳಿಗೆ ಸೆರೆಸಿಕ್ಕನಂತೆ. ಶಿಬಿರದಲ್ಲಿ ತೋಳಿನ ಮೇಲೆ ನಮ್ಮ ಸರ್ಕಾರವನ್ನು ಬೈಯುವ ಅಕ್ಷರಗಳ ಹಚ್ಚೆ ಚುಚ್ಚಿದರಂತೆ, ಅದನ್ನು ಹೊತ್ತು ಇಲ್ಲಿಗೆ ಬರಲು ಹೆದರಿ ಅವರು ಕಳಿಸಿದ ಕಡೆಗೆ ಹೋದನಂತೆ. ಆ ಜಾಗದಲ್ಲಿ ಈಗ ಚರ್ಮ ಸುಟ್ಟ ಕಲೆ ಇದೆ. ಮತ್ತೆ ಮದುವೆಯಾಗಲಿಲ್ಲ.

"ಹೆಸರು ಇದೆ ಅಂದಿದ್ದೆಯಲ್ಲಕ್ಕ. ದಿನಾ ಕತ್ತಿನ ಹತ್ರ ಬೆರಳು ಹಾಕಿ ಹುಡುಕ್ತಿದ್ದೆ. ಸಿಗಲೇ ಇಲ್ಲ," ಎಂದ. ಅವನ ತಂಡದಲ್ಲಿ ಲುವೊ ಡೆಬಿಂಗ್ ಎಂಬ ಹುನಾನ್ ಕಡೆಯವನಿದ್ದನಂತೆ. ಕತ್ತಿನ ಹಿಂದೆ ಏನೋ ಚುಚ್ಚುತ್ತದೆ ಎಂದು ಯಾವಾಗಲೂ ಕೆರೆದುಕೊಳ್ಳುತ್ತಿದ್ದನಂತೆ. ಅದನ್ನು ಹೇಳಿ ಚಾಂಗ್‌ಶುನ್ ನಕ್ಕ. ಈ ವರ್ಷ ನಾನು ಸುಟ್ಟ ಅಂಗಿಯ ಪೊಟ್ಟಣದ ಮೇಲೆ ಲುವೊ ಡೆಬಿಂಗ್ ಎಂದೇ ಬರೆದೆ.

ಆಮೇಲೆ ಅವನು ನಿನ್ನನ್ನು ಕೇಳಿದ, ಹೊಟ್ಟೆಯಲ್ಲಿದ್ದ ಮಗುವನ್ನು ಕೇಳಿದ. ನನ್ನ ಕಣ್ಣ ಮುಂದೆ ಮೆಂಗ್ ಬಂದ, ನಿನ್ನ ಮನೆ ಬಂತು, ಯಂತ್ರದ ಎದುರು ಕೂತು ನಾನು ಆಡಿದ ಮಾತು ಬಂತು. "ಇಬ್ರೂ ಇಲ್ಲಪ್ಪ. ಅರವತ್ತರ ಬರದಲ್ಲಿ ಹೋಗ್ಬಿಟ್ರು," ಎಂದೆ. ಮಗುವಿನ ಹೆಸರು ಕೇಳಿದ. ಅದನ್ನು ಮಾತ್ರ ನಿಜ ಹೇಳಿದೆ. ಮರುದಿನ ದಂಡೆಯಲ್ಲಿ ನನ್ನ ಪಕ್ಕದಲ್ಲೇ ಕೂತು ನಿನ್ನ ಹೆಸರು, ನಿಯಾನ್ ಹೆಸರು ಬರೆದು ಕಾಗದ ಸುಟ್ಟ. ನಾನು ಗಾಳಿಗೆ ಅಡ್ಡ ಕೈ ಹಿಡಿದಿದ್ದೆ.

ಕಳೆದ ತಿಂಗಳು ಅವನ ಪತ್ರ ಬಂತು. ಬರುವ ಹಬ್ಬಕ್ಕೆ ಬಂದು ನಿಮ್ಮಿಬ್ಬರ ಹೆಸರಲ್ಲಿ ಕಲ್ಲು ನಿಲ್ಲಿಸುತ್ತಾನಂತೆ.

ಅವನ ವಿಳಾಸವನ್ನು ಈ ಕಾಗದದಲ್ಲಿ ಬರೆದಿಲ್ಲ. ನಿನಗೆ ಬೇಡವಾದರೆ ನೀಲಿ ಅಂಗಿಯನ್ನು ಸುಮ್ಮನೆ ತೊಟ್ಟುಕೋ, ಬೆಚ್ಚಗಿರುತ್ತದೆ, ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಬೇಕಾದರೆ ಕತ್ತಿನ ಪಟ್ಟಿಯ ಒಳಗೆ ಬೆರಳಾಡಿಸು. ಈ ಸಲ ಯಾರ ಅಂಗಿ ಎಂದು ನೋಡಿಕೊಂಡೇ ಹೊಲಿದಿದ್ದೇನೆ.